ಕತ್ತರಿಯ ತಾಳಕ್ಕೆ ಮರುಭೂಮಿಯ ಗಿಟಾರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಮೊದಲೇ ಹೇಳಿಬಿಡ್ತೇನೆ, ಯಾಕೆಂದರೆ ಅಮ್ಮನ ಕೈಯ ವಿಷಯದಲ್ಲಿ ನಾನು ಸಿಟ್ಟು ಮಾಡಿದ್ದೆಲ್ಲ ಸಿಟ್ಟು ಮಾಡಬಾರದವರ ಮೇಲೆ.

ಮೂಡುಬಿದಿರೆಯಲ್ಲಿ ನನ್ನದೊಂದು ರೆಕಾರ್ಡಿಂಗ್ ರೂಮು ಉಂಟು. ಸ್ಟುಡಿಯೋ ಅಂದರೆ ದೊಡ್ಡ ಮಾತಾಯಿತು. ಜೀಪಿಗೆ ಮೈಕು ಕಟ್ಟಿಕೊಂಡು ಊರೂರು ತಿರುಗುವ ಪ್ರಚಾರ ಉಂಟಲ್ಲ, ರಕ್ತದಾನ ಶಿಬಿರ, ಕಬಡ್ಡಿ ಪಂದ್ಯಾಟ, ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ, ಅದರಲ್ಲಿ ‘ಮರೆಯದಿರಿ’ ಅಂತ ಕೇಳುವ ಹೆಂಗಸಿನ ಸ್ವರ ಹೆಚ್ಚಾಗಿ ನನ್ನದೇ. ಕೆಲಸ ಇಲ್ಲದ ಮಧ್ಯಾಹ್ನ ಕಂಪ್ಯೂಟರಿನಲ್ಲಿ ರೀಮಿಕ್ಸ್ ಮಾಡ್ತೇನೆ. ಯಾರೋ ಹಾಡಿದ್ದರ ಅಡಿಯಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ ತಾಳ ಇಟ್ಟು, ಅಲ್ಲಿ ಕತ್ತರಿಸಿ ಇಲ್ಲಿ ಸೇರಿಸಿ, ಬೇರೆಯೇ ಒಂದು ಹಾಡು ಮಾಡುವುದು. ಕೇಳುವವರು ಯಾರೂ ಇಲ್ಲ. ಅದೊಂದು ಹುಚ್ಚು ಅಷ್ಟೆ.

ಆ ಹುಚ್ಚು ಹೆಚ್ಚಾದದ್ದು ತುವಾರೆಗ್ ಗಿಟಾರಿನಿಂದ. ನಮ್ಮ ಮನೆ ನರಿಕೊಂಬಿನಲ್ಲಿ, ಆಚೆಮನೆ ಬ್ಯಾರಿ ಮುಸ್ಲಿಮರದ್ದು. ಆ ಮನೆಯ ಅಕ್ಕನ ಗಂಡ, ನಾನು ಅಣ್ಣ ಅಂತ ಕರೆಯುವವರು, ಸೌದಿಯಲ್ಲಿ ಗೋದಾಮಿನ ಕೆಲಸದಲ್ಲಿದ್ದಾರೆ. ಅವರ ರೂಮಿನಲ್ಲಿ ನೈಜರ್ ದೇಶದವರೊಬ್ಬರು, ಸಹಾರಾ ಮರುಭೂಮಿಯ ತುವಾರೆಗ್ ಜನಾಂಗದವರು. ಅವರ ಫೋನಿನ ತುಂಬ ಅವರ ಜನರ ಗಿಟಾರಿನ ಹಾಡುಗಳು. ನನಗೆ ಸಂಗೀತದ ಮರುಳು ಅಂತ ಗೊತ್ತಿದ್ದ ಅಣ್ಣ ಅವನ್ನೆಲ್ಲ ಅಕ್ಕನ ಫೋನಿಗೆ ಕಳುಹಿಸಿದರು, ಅಕ್ಕ ನನಗೆ ದಾಟಿಸಿದಳು. ಕೇಳಿದ ಮೊದಲ ದಿನವೇ ನಾನು ಬಿದ್ದುಹೋದೆ ಮಾರಾಯ್ರೆ. ಒಂದೇ ಸಣ್ಣ ಎಳೆ ಮತ್ತೆ ಮತ್ತೆ ತಿರುಗಿ ಬರ್ತದೆ, ಮರುಭೂಮಿಯ ಹೊಯಿಗೆಯಲ್ಲಿ ಕಾಲೆಳೆದು ನಡೆದ ಹಾಗೆ. ಅದರ ಅಡಿಗೆ ಯಂತ್ರದ ತಾಳ ಇಟ್ಟರೆ ನಡಿಗೆಗೆ ನೆಲ ಸಿಕ್ಕಿದ ಹಾಗಾಗ್ತದೆ. ಅಂಥ ಎಂಟೊಂಬತ್ತು ರೀಮಿಕ್ಸ್ ಮಾಡಿ ಇಟ್ಟಿದ್ದೆ.

ಅಷ್ಟರಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯಿತು.

ಜೀವಕ್ಕೆ ತೊಂದರೆ ಆಗಲಿಲ್ಲ, ಮಾತೂ ಉಳಿಯಿತು, ದೇವರು ದೊಡ್ಡವ. ಹೋದದ್ದು ಬಲಗೈ. ನಲವತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ನನ್ನ ಫೀಸು, ಮನೆಯ ಹೆಂಚು, ನನ್ನ ಮೊದಲ ಮೈಕ್ರೊಫೋನು, ಎಲ್ಲ ಆ ಕೈಯಿಂದ ಬಂದದ್ದು. ಆದರೆ ಅಮ್ಮನಿಗೆ ಬೀಡಿಯ ಚಿಂತೆ ಇರಲಿಲ್ಲ. ಊಟದ ಚಿಂತೆ. ಎಡಗೈಯಲ್ಲಿ ಅನ್ನ ಕಲಸುವುದು ಅವರಿಗೆ ಸಾಯುವಷ್ಟು ನಾಚಿಕೆ. ಮನೆಯಲ್ಲಿ ಚಮಚದಲ್ಲಿ, ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದರು. ಯಾರ ಮನೆಯ ಕಾರ್ಯಕ್ಕೂ ಹೋಗುವುದಿಲ್ಲ ಅಂತ ಹೇಳಿಬಿಟ್ಟರು. ಐದು ತಿಂಗಳಲ್ಲಿ ಆಚೆಮನೆ ಅಕ್ಕನ ಮಗಳ ಮದುವೆ ಇತ್ತು, ಅಮ್ಮನ ಮಡಿಲಲ್ಲಿ ಬೆಳೆದ ಹುಡುಗಿ.

ಅಕ್ಕ ಬಂದು, “ನೀವು ಬಾರದಿದ್ದರೆ ನನಗೆ ಮದುವೆಯೇ ಬೇಡ” ಅಂದಳು.

“ಬಲಗೈ ಬಂದರೆ ನಾನೂ ಬರ್ತೇನೆ. ಎಡಗೈಯಲ್ಲಿ ಬಾಚಿ ತಿನ್ನಲಿಕ್ಕೆ ನನ್ನನ್ನು ಕರೆಯಬೇಡ” ಅಂದರು ಅಮ್ಮ.

ಬಿ.ಸಿ. ರೋಡಿನಲ್ಲಿ ಫಿಸಿಯೋಥೆರಪಿ ಮಾಡಿಸುವ ಮೇಡಂ ಒಂದು ಉಪಾಯ ಹೇಳಿದರು. ಕೈಗೆ ಅಭ್ಯಾಸ ಇರುವ ಕೆಲಸವನ್ನೇ ಮಾಡಿಸಿ, ಬೀಡಿ ಎಲೆ ಸುತ್ತುವುದೇ ಆಗಲಿ, ಆದರೆ ಒಂದೇ ಸಮ ತಾಳ ಇರುವ ಹಾಡು ಹಾಕಿ, ತಾಳ ಕೈಯನ್ನು ಎಳೆದುಕೊಂಡು ಹೋಗ್ತದೆ ಅಂತ. ಮೊದಲು ತುಳು ಹಾಡು ಹಾಕಿದೆ. ಅಮ್ಮ ಹಾಡಿನ ಮಾತುಗಳ ಹಿಂದೆ ಹೋಗಿ ತಾವೂ ಹಾಡಲಿಕ್ಕೆ ಸುರು ಮಾಡಿದರು, ಕೈ ಮರೆತೇ ಹೋಯಿತು. ಸಿನಿಮಾ ಹಾಡು ಹಾಕಿದರೆ ತೀರಿಕೊಂಡ ಅಪ್ಪನ ನೆನಪಾಗಿ ಅಳು. ಅರ್ಥ ಆಗದ ಹಾಡೇ ಬೇಕು ಅಂತ ನನಗೆ ಹೊಳೆಯಿತು. ನಿಜ ಹೇಳಬೇಕೆಂದರೆ ನನ್ನ ರೀಮಿಕ್ಸನ್ನು ಒಬ್ಬರಾದರೂ ಕೇಳಲಿ ಎಂಬ ಆಸೆಯೂ ಇತ್ತು.

ಜಗಲಿಯಲ್ಲಿ ಅಮ್ಮನನ್ನು ಕೂರಿಸಿ, ಮಡಿಲಲ್ಲಿ ಮೊರದಂಥ ಅವರ ಹಳೆಯ ಗೆರಸೆ ಇಟ್ಟು, ಅದರಲ್ಲಿ ಒದ್ದೆ ಎಲೆ, ನೂಲು, ಹೊಗೆಸೊಪ್ಪಿನ ಬದಲಿಗೆ ಒಣಗಿಸಿದ ಚಾಪುಡಿ. ಹಾಡು ಹಾಕಿದೆ. ಪಕ್ಕದಲ್ಲಿ ಬೀಡಿ ಕಟ್ಟುತ್ತಿದ್ದ ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅಮ್ಮ ಗೆರಸೆಯನ್ನು ಎಡಗೈಯಿಂದ ಆಚೆ ಸರಿಸಿ ಸುಮ್ಮನೆ ಕೂತರು. ಹಾಡು ಮುಗಿಯುವವರೆಗೆ ಇಬ್ಬರೂ ಗೊಂಬೆಗಳ ಹಾಗೆ ಕೂತಿದ್ದರು.

“ಕೈ ಆಡಿಸಿ ಅಮ್ಮ.”

“ಹಾಡು ಮುಗಿಯಲಿ.”

ಮಾರನೆ ದಿನವೂ ಹಾಗೆ, ಅದರ ಮಾರನೆ ದಿನವೂ ಹಾಗೆ. ಮೂರು ವಾರ! ಬೆಳಿಗ್ಗೆ ಹಾಡು ಹಾಕಿ, ಗೊಣಗಿ, ಸಿದ್ಧಕಟ್ಟೆಯ ಮೇಲಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿಗೆ ಓಡಿ, ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದೆ. ಹಠ ಮಾಡ್ತಿದ್ದಾರೆ, ಗುಣ ಆಗುವ ಮನಸ್ಸೇ ಇಲ್ಲ ಅಂತ ಎಣಿಸಿದೆ. ಒಂದು ದಿನ ತಡೆಯಲಿಕ್ಕಾಗದೆ ಬಾಯಿಬಿಟ್ಟೆ. “ನಿಮಗೆ ಕೈ ಬೇಡವಾದರೆ ಬೇಡ ಅಂತ ಹೇಳಿ. ನಾನು ಇಲ್ಲಿ ಮಣ್ಣು ಹೊರುವುದು ಯಾರಿಗೆ?”

ಅಮ್ಮನ ಕಣ್ಣು ತುಂಬಿತು. ಅಕ್ಕ ಎದ್ದು ನಿಂತಳು. ಅವಳು ನನ್ನ ಮೇಲೆ ಸ್ವರ ಎತ್ತಿದ್ದು ಅದೇ ಮೊದಲು. “ನಿನಗೆ ಸ್ವಲ್ಪವಾದರೂ ಬುದ್ಧಿ ಉಂಟಾ? ಪ್ರಾರ್ಥನೆ ಹಾಕಿಕೊಂಡು ಕೆಲಸ ಮಾಡು ಅಂದರೆ ಅವರು ಹೇಗೆ ಮಾಡುವುದು?”

“ಯಾವ ಪ್ರಾರ್ಥನೆ?”

“ಇದೇ. ಮಕ್ಕದ ಕಡೆಯಿಂದ ಬಂದದ್ದು.”

ನಾನು ಕೆದಕಿ ಕೆದಕಿ ಕೇಳಿದೆ. ಆಮೇಲೆ ಎಲ್ಲ ಬಿಡಿಸಿಕೊಂಡಿತು. ಹಾಡು ಕಳುಹಿಸಿದ ತಿಂಗಳೇ ಅಣ್ಣ ಮಕ್ಕಕ್ಕೆ ಹೋಗಿ ಬಂದಿದ್ದರು, ಅಲ್ಲಿನ ಪ್ರಾರ್ಥನೆಗಳನ್ನೂ ಕಳುಹಿಸಿದ್ದರು, ಅವುಗಳ ಜೊತೆಗೇ ಈ ಹಾಡುಗಳು ಬಂದಿದ್ದವು. ಹಾಡಿನ ಚಿತ್ರದಲ್ಲಿ ಉದ್ದ ನಿಲುವಂಗಿ ತೊಟ್ಟು, ಕಣ್ಣು ಮಾತ್ರ ಕಾಣುವ ಹಾಗೆ ರುಮಾಲು ಸುತ್ತಿದ ಗಂಡಸರು. ಅಕ್ಕ ಅದನ್ನು ದೊಡ್ಡ ಗುರುಗಳ ಪ್ರಾರ್ಥನೆ ಅಂತ ತಿಳಿದು ಅಮ್ಮನಿಗೂ ಹಾಗೇ ಹೇಳಿದ್ದಳು. ಭಾಷೆ ಅರಬ್ಬಿ ಅಲ್ಲ ಅಂತ ಅವಳಿಗೆ ಗೊತ್ತಿತ್ತು. ಆದರೆ ಅಲ್ಲಿಗೆ ಎಲ್ಲ ದೇಶದವರೂ ಬರ್ತಾರಲ್ಲ ಅಂತ ಸಮಾಧಾನ.

ಆ ಜಗಲಿಯಲ್ಲಿ ಇಪ್ಪತ್ತು ವರ್ಷದಿಂದ ಒಂದು ಕ್ರಮ ಉಂಟು. ಮಸೀದಿಯಿಂದ ಬಾಂಗು ಕೇಳಿದರೆ ಅಕ್ಕ ತಲೆಗೆ ಸೆರಗು ಹಾಕಿ ಗೆರಸೆ ಬದಿಗಿಡ್ತಾಳೆ, ಅವಳ ಜೊತೆ ಅಮ್ಮನೂ ಇಡ್ತಾರೆ. ಸಂಜೆ ಅಮ್ಮ ದೀಪ ಹಚ್ಚಲಿಕ್ಕೆ ಏಳುವಾಗ ಅಕ್ಕನೂ ಕತ್ತರಿ ಕೆಳಗಿಡ್ತಾಳೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನಾನು ಅದನ್ನು ನೋಡುತ್ತಲೇ ಬೆಳೆದವಳು, ಆದರೂ ಕಣ್ಣೆದುರೇ ನಡೆದಾಗ ಗೊತ್ತಾಗಲಿಲ್ಲ.

“ಗಿಟಾರು? ಡಿಂ ಡಿಂ ಡ್ರಮ್ಮು? ಪ್ರಾರ್ಥನೆಯಲ್ಲಿ ಅದೆಲ್ಲ ಇರ್ತದಾ?” ಅಂತ ಕೇಳಿದೆ.

ಅಕ್ಕ ನೆಲ ನೋಡಿದಳು. “ಗಿಟಾರು ಅವರ ದೇಶದಲ್ಲಿ ಇರಬಹುದು ಅಂದುಕೊಂಡೆ. ಡಿಂ ಡಿಂ ನೀನು ಸೇರಿಸಿದ್ದಲ್ವಾ. ಪ್ರಾರ್ಥನೆಗೆ ಹೀಗೆ ಮಾಡಬಾರದಿತ್ತು ಅಂತ ನಾವಿಬ್ಬರೂ ಮಾತಾಡಿಕೊಂಡೆವು. ಹೇಳಿದರೆ ನಿನಗೆ ಬೇಜಾರಾಗ್ತದೆ ಅಂತ ಸುಮ್ಮನಾದೆವು.”

ಮೂರು ವಾರ ನನ್ನ ಮರ್ಯಾದೆ ಕಾಯಲಿಕ್ಕೆ ಇಬ್ಬರೂ ಬಾಯಿ ಮುಚ್ಚಿ ಕೂತಿದ್ದರು! ನಾನು ಅವರನ್ನು ಹಠಮಾರಿಗಳು ಅಂತ ಬೈಯುತ್ತಿದ್ದೆ. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅಣ್ಣನಿಗೆ ಫೋನು ಮಾಡಿದೆವು. ಅವರು ನಕ್ಕು ನಕ್ಕು ಕೆಮ್ಮಿದರು. ಆಮೇಲೆ ರೂಮಿನ ಆ ನೈಜರಿನವರನ್ನು ಕೇಳಿ ಹೇಳಿದರು. ಅದು ಪ್ರಾರ್ಥನೆ ಅಲ್ಲ, ಊರು ಬಿಟ್ಟು ದುಡಿಯಲಿಕ್ಕೆ ಹೋದವರು ಮನೆಯನ್ನು ನೆನೆದು ಹಾಡುವುದು. ನೀರು ಎಲ್ಲಿ ಸಿಕ್ಕಿತು, ಜೊತೆಗಾರರು ಎಲ್ಲಿ ಹೋದರು, ಅಮ್ಮ ಹೇಗಿದ್ದಾಳೆ, ಅಂಥ ಮಾತು.

ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಗಂಡ ಸೌದಿಗೆ ದುಡಿಯಲಿಕ್ಕೆ ಹೋಗಿ ಹದಿನೇಳು ವರ್ಷ ಆಗಿತ್ತು. ಅಮ್ಮ ಮಾತ್ರ, “ಅಯ್ಯೋ, ಇಷ್ಟು ದಿನ ದಂಡ ಆಯಿತಲ್ಲ! ಕೊಡು ಇಲ್ಲಿ” ಅಂತ ಗೆರಸೆಯನ್ನು ಎಳೆದುಕೊಂಡರು.

ಅಲ್ಲಿಗೆ ಎಲ್ಲ ಸರಿಯಾಯಿತು ಅಂದರೆ ಸುಳ್ಳಾಗ್ತದೆ. ತಾಳ ಅಮ್ಮನ ಬೆರಳಿಗಿಂತ ಮುಂದೆ ಓಡುತ್ತಿತ್ತು. ನಿಧಾನ ಮಾಡಿದೆ, ಇನ್ನೂ ನಿಧಾನ ಮಾಡಿದೆ. ಡ್ರಮ್ಮಿನ ಸದ್ದಿಗೆ ಅಮ್ಮ ಬೆಚ್ಚುತ್ತಿದ್ದರು, ಕೈ ಸೆಟೆದುಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ರೂಮಿನಲ್ಲಿ ಬೇಸರದಲ್ಲಿ ಕೂತು ಅಮ್ಮನ ಹಳೆಯ ವಾಯ್ಸ್ ಮೆಸೇಜು ಕೇಳುತ್ತಿದ್ದೆ, ಕೈ ಹೋಗುವುದಕ್ಕೆ ಮೊದಲಿನದ್ದು. ‘ಬರುವಾಗ ಬಸಳೆ ತಾ’ ಅಂತ ಹೇಳುವುದು ಅಷ್ಟೆ. ಹಿಂದೆ ಸದ್ದು ಬರುತ್ತಿತ್ತು. ಎಲೆಯ ಮೇಲೆ ಅಳತೆಯ ತಗಡು ಇಡುವ ಟಕ್, ಸುತ್ತ ಕತ್ತರಿ ಹೋಗುವ ಕರಕ್ ಕರಕ್. ಮೂರು ವರ್ಷದ ಮೆಸೇಜುಗಳನ್ನೆಲ್ಲ ಹುಡುಕಿದೆ. ಪ್ರತಿಯೊಂದರ ಹಿಂದೆಯೂ ಆ ಕತ್ತರಿ ಇತ್ತು. ನನ್ನ ಹತ್ತಿರ ಮಾತಾಡುವಾಗಲೂ ಅಮ್ಮ ಕೆಲಸ ನಿಲ್ಲಿಸಿದವರೇ ಅಲ್ಲ. ಕುರ್ಚಿಯಲ್ಲಿ ಕೂತು ನಾನು ಗಳಗಳ ಅತ್ತೆ.

ಡ್ರಮ್ಮನ್ನು ಪೂರ್ತಿ ತೆಗೆದೆ. ಗಿಟಾರಿನ ಅಡಿಗೆ ಆ ಟಕ್, ಆ ಕರಕ್ ಕರಕ್ ಇಟ್ಟೆ. ಜಗಲಿಯಲ್ಲಿ ಹಾಕಿದಾಗ ಅಮ್ಮ ತಲೆ ಎತ್ತಿದರು.

“ಇದು ನನ್ನ ಕತ್ತರಿ ಅಲ್ವಾ?”

“ಹೌದು.”

“ಆಗ ಎಷ್ಟು ಬೇಗ ಕತ್ತರಿಸುತ್ತಿದ್ದೆ ನೋಡು” ಅಂದರು, ಯಾರನ್ನೋ ಹೊಗಳುವ ಹಾಗೆ. ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಬಿಟ್ಟಿತು. ಮತ್ತೆ ಮುಟ್ಟಿತು.

ಆಮೇಲೆ ದಿನಾ ಬೆಳಿಗ್ಗೆ ಒಂದು ಗಂಟೆ. ಅಕ್ಕ ಎಲೆಯ ಮೇಲೆ ಅಮ್ಮನ ಬೆರಳು ಕೂರಿಸಿ ಕೊಡುತ್ತಿದ್ದಳು. ಮದುವೆಗೆ ತಿಂಗಳು ಇರುವಾಗ ಅಮ್ಮ ಮೊದಲ ಬೀಡಿ ಸುತ್ತಿದರು, ಚಾಪುಡಿಯದ್ದು, ಬಾಳೆಕಾಯಿಯ ಹಾಗೆ ಡೊಂಕು. ಅದನ್ನು ನೋಡಿ, “ಬೀಡಿ ತೆಗೆದುಕೊಳ್ಳುವವನು ಇದನ್ನು ನನ್ನ ಮುಖಕ್ಕೇ ಬಿಸಾಡ್ತಾನೆ” ಅಂತ ನಕ್ಕರು. ಮದುವೆಗೆ ಹನ್ನೆರಡು ದಿನ ಇರುವಾಗ ನನಗೇ ಬೈದರು. “ಎಂತ ಹಾಡು ಇದು, ನಿದ್ದೆ ಬರ್ತದೆ. ಸ್ವಲ್ಪ ಬೇಗ ಮಾಡು ಮಾರಾಯ್ತಿ!” ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಆ ಹಾಡನ್ನು ಸೌದಿಗೆ ಕಳುಹಿಸಿದ್ದೆ. ನೈಜರಿನವರು ಎರಡೆರಡು ಸಲ ಕೇಳಿ, ಇದು ನಿಮ್ಮ ಊರಿನ ಯಾವ ವಾದ್ಯ ಅಂತ ವಿಚಾರಿಸಿದರಂತೆ, ಮಗಳ ಮದುವೆಗೆ ರಜೆಯಲ್ಲಿ ಬಂದ ಅಣ್ಣ ಹೇಳಿದರು. ಅವರ ಮುಖ ನಾನು ನೋಡಿಲ್ಲ. ಆದರೂ ನನ್ನ ಅಮ್ಮನ ಕೈಯಲ್ಲಿ ಅವರದ್ದೂ ಒಂದು ಪಾಲು ಉಂಟು ಅಂತ ದಿನಾ ನೆನೆಸಿಕೊಳ್ತೇನೆ.

ಮದುವೆಯ ದಿನ ಸಭಾಂಗಣದಲ್ಲಿ ಅಮ್ಮನನ್ನು ಅಕ್ಕನೇ ಕೈಹಿಡಿದು ಊಟಕ್ಕೆ ಕರೆದುಕೊಂಡು ಹೋದಳು. ಬಿಸಿಬಿಸಿ ತುಪ್ಪದ ಅನ್ನ, ಕೋಳಿ ಸಾರು. ಚಮಚ ಇಡಲಿಕ್ಕೆ ಬಂದವರನ್ನು ಅಮ್ಮ ಬೇಡ ಅಂದರು. ಬಲಗೈಯನ್ನು ಮೇಜಿನ ಮೇಲೆ ಇಟ್ಟು ಹೆಬ್ಬೆರಳನ್ನು ಬಡಿದರು, ಟಕ್. ಆಮೇಲೆ ಎರಡು ಬೆರಳು, ಕರಕ್ ಕರಕ್. ಮೂರು ಸಲ ಹಾಗೆ ಮಾಡಿ ಕೈಯನ್ನು ಅನ್ನಕ್ಕೆ ಹಾಕಿದರು. ತುತ್ತು ಮೇಲೆ ಬರುವಾಗ ಅರ್ಧ ಉದುರಿತು. ಅರ್ಧ ಬಾಯಿಗೆ ಹೋಯಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಮಗಳ ಹತ್ತಿರ ಹೋಗುವುದು ಬಿಟ್ಟು ಅಲ್ಲೇ ನಿಂತಳು.

ಅಮ್ಮ ಅಗಿಯುತ್ತಾ ನಮ್ಮಿಬ್ಬರನ್ನೂ ನೋಡಿದರು. “ಎಂತ ನೋಡ್ತೀರಿ? ಅನ್ನ ತಣಿಯುತ್ತದೆ, ಕೂತು ಊಟ ಮಾಡಿ” ಅಂದರು.