ಮೂವತ್ತು ಅಕ್ಷರದ ಖಾಲಿ ಜಾಗ

ಚಳ್ಳಕೆರೆಯಲ್ಲಿ ನಮ್ಮದು ದನ-ಕುರಿ ಔಷಧಿ ಅಂಗಡಿ. ಯಜಮಾನರು ಬೋರ್‌ವೆಲ್ ಮೋಟರ್ ರಿಪೇರಿ ಅಂತ ದಿನವಿಡೀ ಹೊರಗಿರುತ್ತಾರೆ, ಅಂಗಡಿಯಲ್ಲಿ ಕೂರುವವಳು ನಾನು. ನನ್ನ ಬಾಯಿ ಸ್ವಲ್ಪ ಜೋರು. ಕುರಿಯವರ ಜೊತೆ ಮೆತ್ತಗೆ ಮಾತಾಡಿದರೆ ಅವರಿಗೆ ಕೇಳಿಸುವುದೇ ಇಲ್ಲ, ನಾನೇನು ಮಾಡಲಿ?

ಲಸಿಕೆ ಹಾಕುವ ದಿನಗಳನ್ನು ಗಿರಾಕಿಗಳಿಗೆ ತಿಳಿಸೋಣ ಅಂತ ಎರಡು ವರ್ಷದ ಹಿಂದೆ ಮೆಸೇಜ್ ಕಳಿಸುವ ಕಂಪನಿಯೊಂದಕ್ಕೆ ಸೇರಿಕೊಂಡೆವು. ಅಲ್ಲಿಯ ಹುಡುಗಿ ಫೋನಿನಲ್ಲೇ ಪಾಠ ಮಾಡಿದಳು, ನಾನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡೆ. ಹೆಡರ್ ಅಂದರೆ ನಂಬರಿನ ಬದಲು ಮೇಲುಗಡೆ ಕಾಣುವ ನಮ್ಮ ಅಂಗಡಿಯ ಗುರುತು, ಆರೇ ಇಂಗ್ಲಿಷ್ ಅಕ್ಷರ. ಟೆಂಪ್ಲೇಟ್ ಅಂದರೆ ಮೊದಲೇ ಬರೆದು ಒಪ್ಪಿಗೆ ಪಡೆದಿಟ್ಟ ಒಕ್ಕಣೆ. ಅದರಲ್ಲಿ ಒಂದು ಮಾತು ಬದಲಿಸಿದರೂ ಮೆಸೇಜ್ ಹೋಗುವುದಿಲ್ಲ. ನಡುನಡುವೆ ಖಾಲಿ ಬಿಟ್ಟ ಜಾಗಕ್ಕೆ ವೇರಿಯಬಲ್ ಅಂತಾರೆ, ಅಲ್ಲಿ ನಮಗೆ ಬೇಕಾದ್ದು ತುಂಬಬಹುದು, ಆದರೆ ಒಂದೊಂದರಲ್ಲಿ ಮೂವತ್ತು ಅಕ್ಷರ ಮಾತ್ರ. ಕಳಿಸುವ ಮುಂಚೆ ಗಿರಾಕಿಯ ಒಪ್ಪಿಗೆ ತಗೊಳ್ಳುವುದು ಆಪ್ಟ್-ಇನ್. ನಾನು ಒಬ್ಬೊಬ್ಬರನ್ನೇ ಕೇಳಿದ್ದೆ. "ಕಳ್ಸು ತಾಯಿ, ಕಳ್ಸಿದ್ರೆ ಬ್ಯಾಡ ಅಂತೀವಾ?" ಅಂದಿದ್ದರು. ಹಾಗೆ ಸುಮಾರು ನಾನೂರು ನಂಬರು ಸೇರಿತು.

ಹೋದ ವರ್ಷ ಒಂದು ಬೆಳಿಗ್ಗೆ ಬಿ.ಜಿ. ಕೆರೆ ಕಡೆಯ ಅಜ್ಜಿಯೊಬ್ಬಳು ಬಂದು ಜಂತುಹುಳದ ಔಷಧಿ ಎರಡು ಬಾಟ್ಲಿ ತಗೊಂಡಳು. ನಲವತ್ತು ಕುರಿ ಅವಳವು, ಅವಳೇ ಯಜಮಾನಿ, ಅವಳೇ ಕಾಯುವವಳು. ಓದು ಬರಹ ಇಲ್ಲ. ಅದಕ್ಕೇ ಸೂಜಿ ಇಲ್ಲದ ಸಿರಿಂಜಿನ ಮೇಲೆ ನಾನೇ ನೇಲ್ ಪಾಲಿಶ್‌ನಿಂದ ಗೆರೆ ಎಳೆದುಕೊಟ್ಟೆ. "ಒಂದು ಕುರಿಗೆ ಈ ಗೆರೆ ತನಕ, ತಿಳೀತಾ?" ಅಂದೆ. "ನಾಳೆ ಹೊತ್ತು ಹುಟ್ಟೋ ಮುಂಚೆ, ಖಾಲಿ ಹೊಟ್ಟೇಲಿ ಕುಡಿಸ್ತೀನಿ" ಅಂತ ಹೇಳಿ ಹೋದಳು.

ಹನ್ನೊಂದು ಗಂಟೆಗೆ ಉಳಿದ ಬಾಟ್ಲಿಗಳನ್ನು ಜೋಡಿಸುತ್ತ ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಅದೇ ಹೆಸರು, ಅದೇ ಬಣ್ಣ, ಆದರೆ ಈ ಸಲದ್ದು ಎರಡರಷ್ಟು ಪವರಿನ ಔಷಧಿ. ಹಳೇ ಲೆಕ್ಕದ ಅರ್ಧ ಕುಡಿಸಬೇಕು. ಪಶು ಆಸ್ಪತ್ರೆ ಡಾಕ್ಟರಿಗೆ ಫೋನ್ ಮಾಡಿದೆ. "ಹೆಚ್ಚಾದ್ರೆ ಕುರಿ ಕಣ್ಣು ಹೋಗ್ತವಮ್ಮ, ಸಾಯಲೂಬಹುದು" ಅಂದರು. ಯಾ ಅಲ್ಲಾ! ಗೆರೆ ಎಳೆದ ಕೈ ನನ್ನದೇ ಅಲ್ಲವಾ?

ಪೆಟ್ಟಿಗೆಯಲ್ಲಿದ್ದ ಇಪ್ಪತ್ತನಾಲ್ಕು ಬಾಟ್ಲಿಯಲ್ಲಿ ಹದಿನಾಲ್ಕು ಎರಡೇ ದಿನದಲ್ಲಿ ಹೋಗಿದ್ದವು. ಸಂತೆಯ ಗದ್ದಲದಲ್ಲಿ ಯಾರಿಗೆ ಕೊಟ್ಟೆ ಅಂತ ನೆನಪಾದದ್ದು ಅಜ್ಜಿಯೊಬ್ಬಳೇ. ಅವಳಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ನನ್ನ ಫೋನಿನಿಂದ ದಿನಕ್ಕೆ ನೂರು ಮೆಸೇಜಿನ ಮೇಲೆ ಹೋಗುವುದಿಲ್ಲ. ನಾನೂರು ಜನಕ್ಕೂ ಒಟ್ಟಿಗೆ ಹೋಗಬೇಕಾದರೆ ಕಂಪನಿಯ ದಾರಿಯೊಂದೇ.

ಆ ಹುಡುಗಿಗೆ ಫೋನ್ ಮಾಡಿ ಅವಸರ ಅವಸರವಾಗಿ ಹೇಳಿದೆ. "ಹೊಸ ಟೆಂಪ್ಲೇಟ್ ಒಪ್ಪಿಗೆಗೆ ಹಾಕಿ ಮೇಡಂ, ಎರಡು ಮೂರು ದಿನ ಆಗುತ್ತೆ" ಅಂದಳು.

"ಎರಡು ದಿನದಾಗೆ ಕುರಿಗಳೆಲ್ಲ ಕುರುಡಾಗಿರ್ತಾವಲ್ಲೇ!" ಅಂತ ರೇಗಿದೆ. ಪಾಪ, ಅವಳದೇನು ತಪ್ಪು? ಆಮೇಲೆ ಅವಳೇ ಮೆಲ್ಲಗೆ, "ಒಪ್ಪಿಗೆ ಆಗಿರೋ ಯಾವುದಾದ್ರೂ ಒಂದರೊಳಗೆ ತೂರಿಸೋಕಾಗುತ್ತಾ ನೋಡಿ" ಅಂದಳು.

ನಮ್ಮ ಹತ್ತಿರ ಇದ್ದದ್ದು ಒಂದೇ ಟೆಂಪ್ಲೇಟ್. "ಕುರಿ ಸಾಕುವವರ ಗಮನಕ್ಕೆ. ಲಸಿಕೆ ದಿನ:" ಆಮೇಲೆ ಖಾಲಿ. "ಸ್ಥಳ:" ಮತ್ತೆ ಖಾಲಿ. ಪೆನ್ಸಿಲ್ ಹಿಡಿದು ಕೂತೆ. ಜೀವನದಲ್ಲಿ ನಾಲ್ಕು ಮಾತು ಹೇಳುವ ಕಡೆ ನಲವತ್ತು ಹೇಳಿದವಳು ನಾನು, ಅವತ್ತು ಒಂದೊಂದು ಅಕ್ಷರ ಹೊಡೆದು ಹಾಕಿದೆ. ಹೊಸ ಬಾಟ್ಲಿ, ಡೋಸ್ ತಪ್ಪು, ನನ್ನದೇ ತಪ್ಪು, ಕ್ಷಮಿಸಿ, ಯಾವುದೂ ಆ ಜಾಗದಲ್ಲಿ ಹಿಡಿಯಲಿಲ್ಲ. ಒತ್ತುಗಳಿಗೂ ಕೊಂಬುಗಳಿಗೂ ಬೇರೆ ಬೇರೆ ಲೆಕ್ಕ ಹಿಡಿಯುತ್ತದೆ ಆ ಹಾಳು ಮಿಷನ್ನು. ಕೊನೆಗೆ ಹೋದದ್ದು ಹೀಗೆ: "ಕುರಿ ಸಾಕುವವರ ಗಮನಕ್ಕೆ. ಲಸಿಕೆ ದಿನ: ಜಂತಿನ ಔಷಧಿ ಹಾಕಬೇಡಿ. ಸ್ಥಳ: ಬಾಟ್ಲಿ ಸಮೇತ ಅಂಗಡಿಗೆ ಬನ್ನಿ."

ತಲೆಬುಡ ಇಲ್ಲದ ಮೆಸೇಜು. ಆದರೂ ಹತ್ತು ನಿಮಿಷದಲ್ಲಿ ಫೋನ್ ಹೊಡೆದುಕೊಳ್ಳಲು ಶುರುವಾಯಿತು. "ಏನಕ್ಕಾ, ಔಷಧಿ ಹಾಕಬ್ಯಾಡಿ ಅನ್ನೋ ದಿನಾನೂ ಐತಾ?" ಅಂತ ದೊಡ್ಡಉಳ್ಳಾರ್ತಿಯವನೊಬ್ಬ ಗೇಲಿ ಮಾಡಿದ. ಮಾಡಲಿ ಬಿಡಿ, ಅವನ ಬಾಟ್ಲಿ ಇನ್ನೂ ಗೂಟಕ್ಕೆ ನೇತುಬಿದ್ದಿತ್ತು. ಸಂಜೆಯೊಳಗೆ ಹನ್ನೆರಡು ಬಾಟ್ಲಿಗಳ ಸುದ್ದಿ ಸಿಕ್ಕಿತು, ಒಂದನ್ನೂ ಯಾರೂ ಕುಡಿಸಿರಲಿಲ್ಲ. ಉಳಿದವು ಎರಡು, ಎರಡೂ ಅಜ್ಜಿಯವು.

ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಅಂತ ತೋರಿಸುವುದು ಡೆಲಿವರಿ ರಿಪೋರ್ಟು. ಅಜ್ಜಿಯ ನಂಬರಿನ ಮುಂದೆ ಮಧ್ಯಾಹ್ನವೆಲ್ಲ ಪೆಂಡಿಂಗ್. ಯಜಮಾನರು ಗಾಡಿ ಹತ್ತಿ ಅವಳ ಊರಿಗೇ ಹೋದರು. ಮನೆಗೆ ಬೀಗ, ಕುರಿ ಹೊಡಕೊಂಡು ಜಟಿಂಗ ರಾಮೇಶ್ವರದ ಬೆಟ್ಟದ ಕಡೆ ಹೋಗಿದ್ದಾಳೆ, ಯಾವ ಮಗ್ಗುಲೋ ಗೊತ್ತಿಲ್ಲ ಅಂದರಂತೆ ಅಕ್ಕಪಕ್ಕದವರು. ಕತ್ತಲಾಗುವವರೆಗೆ ಹುಡುಕಿ ವಾಪಸು ಬಂದರು. ಅಷ್ಟೊತ್ತಿಗೆ ರಿಪೋರ್ಟಿನಲ್ಲಿ ಡೆಲಿವರ್ಡ್ ಅಂತ ಬಿದ್ದಿತ್ತು. "ಮುಟ್ಟೈತಲ್ಲ, ಸಾಕು ಬಿಡು" ಅಂದರು ಯಜಮಾನರು. ಫೋನಿಗೆ ಮುಟ್ಟಿದರೆ ಅಜ್ಜಿಗೆ ಮುಟ್ಟಿದ ಹಾಗೇನ್ರೀ? ಮತ್ತೆ ಫೋನ್ ಮಾಡಿದರೆ ಸ್ವಿಚ್ ಆಫ್.

ಬೆಳಿಗ್ಗೆ ನಮಾಜ್ ಮುಗಿಸಿದರೂ ಮನಸ್ಸು ನೆಟ್ಟಗಿರಲಿಲ್ಲ. ಈಗ ಕುಡಿಸುತ್ತಿದ್ದಾಳೆ, ಈಗ ಹತ್ತನೆಯದು, ಈಗ ಇಪ್ಪತ್ತನೆಯದು ಅಂತ ಕೂತಲ್ಲೇ ಎಣಿಸುತ್ತಿದ್ದೆ. ಯಜಮಾನರು ಮತ್ತೆ ಗಾಡಿ ತೆಗೆದು ಬೆಟ್ಟದ ದಾರಿ ಹಿಡಿದರು.

ಒಂಬತ್ತೂವರೆಗೆ ಅಂಗಡಿ ಮುಂದೆ ಅಜ್ಜಿ ಪ್ರತ್ಯಕ್ಷ! ಸೆರಗಿನ ಗಂಟು ಬಿಚ್ಚಿ ಬಟನ್ ಫೋನ್ ತೆಗೆದು ನನ್ನ ಮುಂದೆ ಹಿಡಿದಳು.

"ಓದು."

"ಅಜ್ಜೀ, ಔಷಧಿ ಕುಡಿಸಿದ್ಯಾ?"

"ಮೊದ್ಲು ಓದೇ ತಾಯಿ. ಇದರ ಸಲುವಾಗಿ ಬಸ್ ಹತ್ತಿ ಬಂದೀನಿ."

ನೋಡಿದರೆ ಆ ಹಳೇ ಫೋನಿನಲ್ಲಿ ಕನ್ನಡವೇ ಮೂಡಿಲ್ಲ. ಸಾಲು ತುಂಬ ಸಣ್ಣ ಸಣ್ಣ ಚೌಕ. ನಾನು ಅಷ್ಟು ಒದ್ದಾಡಿ ತುಂಬಿದ ಮೂವತ್ತು ಮೂವತ್ತು ಅಕ್ಷರ ಒಂದೂ ಇಲ್ಲ. ಸರಿಯಾಗಿದ್ದದ್ದು ಮೇಲಿನ ಹೆಡರ್ ಮಾತ್ರ.

"ಇದರಾಗೆ ಏನೂ ಇಲ್ಲ ಅಜ್ಜಿ! ಕುರಿ ಹೆಂಗವೆ, ಹೇಳು!" ಅಂತ ಕಿರುಚಿಯೇಬಿಟ್ಟೆ.

"ಅವಕ್ಕೇನಾಗೈತೆ? ಮೇಯ್ತಾವೆ, ನನ್ನ ತಂಗಿ ನೋಡ್ಕಂತಾಳೆ." ಚೀಲದಿಂದ ಎರಡೂ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳದ ಸೀಲು ಹಾಗೇ ಇತ್ತು.

ಸ್ಟೂಲಿನ ಮೇಲೆ ಕೂತೆ. ಅಳು ಬಂತು, ನಾಚಿಕೆ ಬಿಟ್ಟು ಅತ್ತೆ. ಅಜ್ಜಿ ಗಾಬರಿಯಾಗಿ ಮೇಜಿನ ಈಚೆಗೇ ಬಂದು ನನ್ನ ಬೆನ್ನು ಸವರಿದಳು. ನಡೆದದ್ದೆಲ್ಲ ಹೇಳಿದೆ, ಗೆರೆ ತಪ್ಪು ಎಳೆದದ್ದೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಏನೂ ಓದಕ್ಕಾಗಿಲ್ಲ, ಮತ್ಯಾಕೆ ಕುಡಿಸ್ಲಿಲ್ಲ ಅಜ್ಜಿ?"

"ಫೋನು ಕೂಗ್ತು, ರಾತ್ರಿ ಊರಿಗೆ ಬಂದು ನಮ್ಮೂರ ಹೋಟ್ಲಿನೋನಿಗೆ ತೋರಿಸ್ದೆ. ಒಳಗೇನೂ ಇಲ್ಲ, ಮ್ಯಾಲೆ ಔಷಧಿ ಅಂಗಡಿ ಹೆಸ್ರು ಐತೆ ಅಂದ. ನೀನು ಬಾಯ್ಬಡಕಿ ಖರೆ, ಆದ್ರೆ ಸುಮ್‌ಸುಮ್ನೆ ಕರೆಯೋಳಲ್ಲ. ನಿನ್ನ ಕೇಳ್ದೇನೇ ನನ್ನ ಕುರಿ ಬಾಯಿಗೆ ಹೆಂಗ್ ಹಾಕ್ಲಿ?"