ಬಲಗಡೆಯಿಂದ ಬರೆದ ಅರ್ಜಿ

ಔರಾದದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೀದರದ ದವಾಖಾನೆಯಲ್ಲಿ ಭಾಲ್ಕಿಯ ಗೆಳೆಯನನ್ನು ನೋಡಿ ಹೊರಗೆ ಬಂದರೆ, ಗುಮಾಸ್ತರ ಮೇಜಿನ ಮುಂದೆ ಒಬ್ಬ ಹೆಣ್ಣುಮಗಳು ಅಳುತ್ತ ನಿಂತಿದ್ದಳು. ಚಿಂತಾಕಿಯಲ್ಲಿ ಕುರಿ ಸಾಕುವ ನಾಗಮ್ಮ. ಪಕ್ಕದಲ್ಲಿ ತಮ್ಮ ಬೀರಪ್ಪ. ಅವನಿಗೆ ತಿಂಗಳಿಂದ ನಿದ್ದೆಯಿಲ್ಲ, ಯಾರೋ ಕರೆದಂತೆ ಕೇಳುತ್ತದಂತೆ.

ಹೈದರಾಬಾದ್ ರಾಜ್ಯದಲ್ಲಿದ್ದ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಂಥ ರೋಗಿಗಳನ್ನು ಹೈದರಾಬಾದಿನ ಬದಲು ಧಾರವಾಡದ ಮಾನಸಿಕ ಆಸ್ಪತ್ರೆಗೆ ಕಳಿಸುತ್ತಾರೆ. ರೋಗಿ ತಾನೇ ಅರ್ಜಿ ಬರೆದುಕೊಟ್ಟರೆ ಪೊಲೀಸರು ಹಿಡಿದು ಒಯ್ಯುವುದು ಬೇಡವಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಗುಮಾಸ್ತರು ಬೀರಪ್ಪ ಬರೆದ ಅರ್ಜಿಯನ್ನು ನನ್ನ ಮುಂದೆ ಹಿಡಿದರು. "ನೋಡಿ ಸ್ವಾಮಿ, ಬಲಗಡೆಯಿಂದ ಗೀಚಿದಾನೆ. ತಲೆ ನೆಟ್ಟಗಿರೋರು ಹೀಗೆ ಬರೀತಾರಾ? ಪೊಲೀಸರನ್ನೇ ಕರೀಬೇಕು."

"ಅದು ಉರ್ದು ಅದರಿ ಸಾಹೇಬ್ರ. ಹಿಂದ ನಮ್ಮ ಸಾಲ್ಯಾಗ ಅದನ್ನೇ ಕಲಸ್ತಿದ್ರು. ನಮ್ಮ ಮನಿತನದಾಗ ಮೊದಲ ಬಿ.ಎ. ನಾನ. ನಾನೂ ಬಲಗಡಿಂದ ಬರದೇ ಪಾಸಾಗೇನಿ. ನನ್ನ ತಲಿನೂ ಕೆಟ್ಟದೇನ್ರಿ?" ಅಂದೆ ನಾನು.

ಗುಮಾಸ್ತರು ನಾಲಿಗೆ ಕಚ್ಚಿಕೊಂಡು ನಕ್ಕರು. ನಾನು ಓದಿ ಹೇಳಿದೆ: "ನನಗ ಆರಾಮಿಲ್ಲ. ಇಲಾಜ್ ಬೇಕು. ನನ್ನ ಖುಷಿಲಿಂದ ಹೋಗ್ತೇನಿ." ಹೆಸರು, ಅಪ್ಪನ ಹೆಸರು, ಊರು, ಒಂದಕ್ಷರ ತಪ್ಪಿರಲಿಲ್ಲ. ಕೆಳಗೆ ಅದನ್ನೇ ಕನ್ನಡದಲ್ಲಿ ಬರೆದು ನಾನು ಸಹಿ ಹಾಕಿದೆ, ಅವರು ಮೊಹರಿನ ಶಿಕ್ಕಾ ಒತ್ತಿದರು.

ನಾಗಮ್ಮ ಕಣ್ಣೊರೆಸಿಕೊಂಡು, "ಪೊಲೀಸರು ನಿನಗ ಒಯ್ಯಲ್ಲಂತೋ ತಮ್ಮಾ" ಅಂದಳು.

"ಯಾರು ಒಯ್ತಾರಕ್ಕಾ? ನಾನೇ ಹೊಂಟೇನಿ" ಅಂದ ಬೀರಪ್ಪ.