ರೈತನಿಗೆ ದಾರಿ ಕಾಣುವುದಿಲ್ಲ

ಪರದೆ ಅಕ್ಕ ಲ್ಯಾಟಿನ್ ಕಲಿಯಬೇಕೆಂದು ಯಾವತ್ತೂ ಆಸೆಪಟ್ಟವಳಲ್ಲ. ಗ್ರಂಥಾಲಯದ ಮಹಡಿಯ ಕೋಣೆಗೆ ಅವಳು ಹೋದದ್ದು ಕಿಟಕಿಯ ಅಳತೆ ತೆಗೆಯಲು. ಪರದೆ ಹೊಲಿಯುವುದು ಅವಳ ಕಸುಬು, ಅದರಿಂದಲೇ ಆ ಹೆಸರು. ಟೇಪು ಹಿಡಿದು ಒಳಗೆ ಕಾಲಿಟ್ಟಾಗ ಅಲ್ಲಿ ಸಂಜೆಯ ಲ್ಯಾಟಿನ್ ತರಗತಿ ನಡೆಯುತ್ತಿತ್ತು. ಕಲಿಯುವವರೇ ಸಿಗದೆ ಕಂಗಾಲಾಗಿದ್ದ ನಿವೃತ್ತ ಮೇಷ್ಟ್ರು, "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದುಕೊಟ್ಟರು. ಅಷ್ಟು ಅಕ್ಕರೆಯಿಂದ ಕರೆದವರಿಗೆ ಇಲ್ಲವೆನ್ನುವುದು ಹೇಗೆ? ಕೂತಳು. ಕೂತ ಮೇಲೆ ನೋಡುತ್ತಾಳೆ, ಎದುರಿಗೆ ತಂಗಿ.

ತಂಗಿ ಗಿಡಗಳ ನರ್ಸರಿಯಲ್ಲಿ ಕೆಲಸಕ್ಕಿದ್ದಳು. ಕುಂಡಗಳ ಮೇಲಿನ ಲ್ಯಾಟಿನ್ ಹೆಸರುಗಳನ್ನು ಓದಲು ಬರದೆ ಗಿರಾಕಿಗಳ ಮುಂದೆ ತಡವರಿಸಿ ಸಾಕಾಗಿ ತರಗತಿಗೆ ಸೇರಿದ್ದಳು.

ಇವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ದೊಡ್ಡದೇನಲ್ಲ. ತಂಗಿಯ ಹೊಸ ಮನೆಗೆ ಅಕ್ಕ ಪರದೆ ಹೊಲಿದುಕೊಟ್ಟಿದ್ದಳು. ತೂಗುಹಾಕಿದ ಮೇಲೆ ತಂಗಿ, "ಒಂದ್ಕಡೆ ಗಿಡ್ಡ ಆಗಿದೆ ಕಣೇ" ಎಂದಳು. "ಪರದೆ ಸರಿಯಾಗೇ ಇದೆ, ನಿನ್ ಮನೆ ನೆಲಾನೇ ಸೊಟ್ಟ" ಎಂದಳು ಅಕ್ಕ. ಅಲ್ಲಿಗೆ ಮುಗಿಯಿತು. ಆಮೇಲೆ ಬೀದಿಯಲ್ಲಿ ಎದುರಾದರೆ ಒಬ್ಬಳು ಅಂಗಡಿಯ ಬೋರ್ಡು ಓದುವಳು, ಇನ್ನೊಬ್ಬಳು ಚಪ್ಪಲಿ ಸರಿಮಾಡಿಕೊಳ್ಳುವಳು. ಮೊದಲು ಬಾಯಿಬಿಟ್ಟವಳು ಸೋತಂತೆ. ಸೋಲುವುದು ಆ ಮನೆತನದಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅವರಪ್ಪನಂತೂ ನೆರೆಯವನ ಮೇಲಿನ ಕೋಪಕ್ಕೆ ತನ್ನ ಮನೆಯ ಕಿಟಕಿಗೇ ಇಟ್ಟಿಗೆ ಕಟ್ಟಿಸಿ ಸೆಕೆಯಲ್ಲಿ ಬೆಂದ ಪುಣ್ಯಾತ್ಮ.

ಅಕ್ಕ ಎದ್ದು ಹೋಗಬಹುದಿತ್ತು. ಹೋದರೆ ತಂಗಿಗೆ ಹೆದರಿ ಓಡಿದಂತಾಗುತ್ತದೆ ಎಂದು ಕೂತೇ ಇದ್ದಳು. ತಂಗಿಯೂ ಅದೇ ಕಾರಣಕ್ಕೆ ಕೂತಿದ್ದಳು. ಹೀಗೆ ಇಬ್ಬರೂ ವಾರವಾರವೂ ತಪ್ಪದೆ ಬರುವ ಆದರ್ಶ ವಿದ್ಯಾರ್ಥಿನಿಯರಾದರು. ಮೇಷ್ಟ್ರಿಗೆ ಹಿಗ್ಗೋ ಹಿಗ್ಗು.

ಪಾಪ, ಅವರಿಗೆ ಒಳಗಿನ ಸಂಗತಿ ಏನು ಗೊತ್ತು? "ನೀವಿಬ್ರೂ ಜೋಡಿ" ಎಂದುಬಿಟ್ಟರು. ಒಬ್ಬರು ಒಂದು ವಾಕ್ಯ ಹೇಳಬೇಕು, ಎದುರಿನವರು ಅದಕ್ಕೆ ಹೊಂದುವ ಇನ್ನೊಂದು. ಕಲಿತ ಪದಗಳೋ ಒಂದು ಹಿಡಿ: ರೈತ, ಹುಡುಗಿ, ನೀರು, ದಾರಿ, ನೋಡು, ಕರೆ, ಹೊರು, ಬಾ. ಲ್ಯಾಟಿನ್ನಿನಲ್ಲಿ ಆಡಿದ್ದು ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ಇಬ್ಬರೂ ತಮ್ಮ ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡರು. ಅಕ್ಕ ಗೋಡೆ ನೋಡಿಕೊಂಡು, ರೈತ ನೀರು ಹೊರುತ್ತಾನೆ ಎನ್ನುವಳು. ತಂಗಿ ಬಾಗಿಲು ನೋಡಿಕೊಂಡು, ಹುಡುಗಿ ನೀರು ಹೊರುವುದಿಲ್ಲ ಎನ್ನುವಳು. ಆ ಉತ್ತರದಲ್ಲಿ ಮೇಷ್ಟ್ರಿಗೆ ವ್ಯಾಕರಣ ಕಾಣುತ್ತಿತ್ತು. ಅಕ್ಕನಿಗೆ ಕೊಬ್ಬು ಕಾಣುತ್ತಿತ್ತು.

ಈ ನಡುವೆ ಅಕ್ಕನ ಕಣ್ಣು ಕೈಕೊಟ್ಟಿತು. ಎಡಗಣ್ಣು ಚಿಕ್ಕಂದಿನ ಜ್ವರದಲ್ಲೇ ಹೋಗಿತ್ತು. ಇಷ್ಟು ವರ್ಷ ಹೊಲಿದದ್ದೆಲ್ಲ ಬಲಗಣ್ಣಿನ ದಯೆ. ಈಗ ಅದಕ್ಕೂ ಪೊರೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಅಂಗಡಿಯವನನ್ನು ಕರೆಯಬೇಕಾಯಿತು. ಸೋಮವಾರ ಆಪರೇಷನ್ ಎಂದರು ಡಾಕ್ಟರು. "ಮನೆಯವ್ರು ಯಾರಾದ್ರೂ ಜೊತೇಲಿರ್ಬೇಕಮ್ಮ. ಒಬ್ರೇ ಬಂದ್ರೆ ಮಾಡಲ್ಲ."

ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಮನೆಯವರು ಎಂದರೆ ಆ ತಂಗಿ ಒಬ್ಬಳೇ. ಕಣ್ಣು ಹೋದರೆ ಕಸುಬೂ ಹೋಯಿತು. ಅವಳಿಗೆ ನಿಜಕ್ಕೂ ಭಯವಾಗಿತ್ತು. ಆದರೂ ಫೋನು ಕೈಗೆತ್ತಿಕೊಂಡವಳು ಮತ್ತೆ ಇಟ್ಟುಬಿಟ್ಟಳು. ಇಂಥವರಿಗೆ ಏನು ಹೇಳುವುದು!

ಆ ವಾರದ ತರಗತಿಯಲ್ಲಿ ಅಕ್ಕ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ಮೇಷ್ಟ್ರೇ, ಮುಂದಿನ ವಾರ ನಾನು ಬರಲ್ಲ. ಸೋಮವಾರ ಬೆಳಗ್ಗೆ ಕಣ್ಣಿನ ಆಪರೇಷನ್ ಇದೆ" ಎಂದಳು. ಮೇಷ್ಟ್ರಿಗೆ ಹೇಳಿದ್ದು, ಯಾರನ್ನೂ ಮಾತಾಡಿಸಿದಂತಲ್ಲ. ಆಮೇಲೆ ಅವಳ ಸರದಿ ಬಂತು. ಈ ಸಲ ಗೋಡೆ ನೋಡಲಿಲ್ಲ. ತಂಗಿಯ ಕಡೆಗೇ ತಿರುಗಿ, ಒಂದೊಂದೇ ಪದ ಜೋಡಿಸಿದಳು.

"ಅಗ್ರಿಕೊಲ ವಿಯಮ್ ನೋನ್ ವಿದೆತ್." ರೈತನಿಗೆ ದಾರಿ ಕಾಣುವುದಿಲ್ಲ.

ತಂಗಿ ತಲೆಯೆತ್ತಿದಳು. ಅಕ್ಕನ ನೋಟ ತನ್ನ ಮುಖದ ಮೇಲಿರದೆ ಕಿವಿಯ ಪಕ್ಕದಲ್ಲೆಲ್ಲೋ ನಿಂತಿತ್ತು.

"ಅಗ್ರಿಕೊಲ ಪುಎಲ್ಲಮ್ ವೊಕತ್" ಎಂದಳು ಅಕ್ಕ. ರೈತ ಹುಡುಗಿಯನ್ನು ಕರೆಯುತ್ತಾನೆ.

ತಂಗಿ ಪುಸ್ತಕದ ಅಂಚು ಮಡಿಚತೊಡಗಿದಳು. "ಬರ್ತಿಲ್ವೇನಮ್ಮ? ಸುಲಭ ಇದೆ" ಎಂದರು ಮೇಷ್ಟ್ರು.

"ಪುಎಲ್ಲ ವೆನಿತ್" ಎಂದಳು ತಂಗಿ. ಹುಡುಗಿ ಬರುತ್ತಾಳೆ.

"ಭೇಷ್!" ಎಂದರು ಮೇಷ್ಟ್ರು.

ಸೋಮವಾರ ಬೆಳಗ್ಗೆ ತಂಗಿ ಚೀಲ ಹಿಡಿದು ಅಕ್ಕನ ಮನೆಯ ಗೇಟಿನ ಬಳಿ ನಿಂತಿದ್ದಳು. ಬಸ್ಸಿನಲ್ಲಿ ಅಕ್ಕಪಕ್ಕ ಕೂತರು, ಮಾತಿಲ್ಲ. ಆಸ್ಪತ್ರೆಯ ಮೆಟ್ಟಿಲು ಬಂದಾಗ ತಂಗಿ ಮೊಣಕೈ ಹಿಡಿದಳು, ಆಗಲೂ ಮಾತಿಲ್ಲ. "ನೀವೇನಾಗ್ಬೇಕು?" ಎಂದು ನರ್ಸು ಕೇಳಿದಾಗ, "ತಂಗಿ" ಎಂದು ನರ್ಸಿಗೆ ಹೇಳಿದಳು.

ಆಪರೇಷನ್ ಮುಗಿದು, ಬಲಗಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಅಕ್ಕನಿಗೆ ಎಲ್ಲೆಲ್ಲೂ ಕತ್ತಲು. ಟ್ರಾಲಿಯೊಂದು ಹೋದ ಸದ್ದು ಕೇಳಿಸಿತು. ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಏನೂ ಇಲ್ಲ. ತಂಗಿ ಕೋಣೆಯಲ್ಲಿದ್ದಾಳೋ ಹೊರಟುಹೋದಳೋ ತಿಳಿಯುವ ಬಗೆಯೇ ಇಲ್ಲ. ಮಾತು ಬಿಟ್ಟವರು ಇದ್ದರೂ ಇಲ್ಲದಿದ್ದರೂ ಕತ್ತಲಲ್ಲಿ ಒಂದೇ. ಅಕ್ಕ ಕಾದಳು.

"ಇದ್ದೀಯೇನೇ?" ಎಂದಳು.

ಕುರ್ಚಿ ಕಿರುಗುಟ್ಟಿತು. "ಇದ್ದೀನಿ. ಮೊದ್ಲು ಮಾತಾಡಿದ್ದು ನೀನೇ, ನೆನಪಿರ್ಲಿ" ಎಂದಳು ತಂಗಿ.

"ಹೂಂ, ನಾನೇ" ಎಂದಳು ಅಕ್ಕ. "ಆ ಪರದೇನೂ ಗಿಡ್ಡಾನೇ ಇತ್ತು."

ಅಕ್ಕ ಕತ್ತಲಲ್ಲೇ ಕೈ ಚಾಚಿದಳು. ಹುಡುಕಬೇಕಾಗಲಿಲ್ಲ, ತಂಗಿಯ ಕೈ ಅಲ್ಲೇ ಇತ್ತು.